ಗಡಿಯಾಚೆಯ ಕುರ್ಚಿ

೨೦೧೬ರ ಮಾರ್ಚ್ ೭, ಸೋಮವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಬೇಸಿಲ್ ಟಕ್‌ವೆಲ್ ರಕ್ತದೊತ್ತಡದ ಕೊನೆಯ ಮಾತ್ರೆಯನ್ನು ಚಹಾದ ಜೊತೆ ನುಂಗಿ, ಇನ್ನೊಂದು ಎಲ್ಲಾದರೂ ಅಡಗಿರಬಹುದೇನೋ ಎಂದು ಡಬ್ಬಿಯನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ. ಅಡಗಿರಲಿಲ್ಲ.

ತಿಂಗಳ ಹಿಂದೆ ಅವನು ಊರಿನ ಆ ತುದಿಯಿಂದ ಈ ತುದಿಯ ಮಿಲ್ ಬೀದಿಗೆ ಮನೆ ಬದಲಿಸಿದ್ದ. ಮನೆ ಬದಲಾದರೆ ಡಾಕ್ಟರೂ ಬದಲಾಗಬೇಕು, ಇಲ್ಲದಿದ್ದರೆ ಮಾತ್ರೆ ಸಿಗುವುದಿಲ್ಲ ಎಂದು ಪಕ್ಕದ ಮನೆಯ ಮಿಸೆಸ್ ಆಗ್ಡನ್ ಬೇಲಿಯ ಮೇಲಿಂದ ತೀರ್ಪು ಕೊಟ್ಟಿದ್ದಳು. ಆಕೆ ತೀರ್ಪು ಕೊಡದ ವಿಷಯ ಲೋಕದಲ್ಲಿರಲಿಲ್ಲ. ತಿಳಿದುಕೊಂಡ ವಿಷಯವೂ ಇರಲಿಲ್ಲ. ಹಳೆಯ ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಬೇಸಿಲ್, ಇನ್ನೊಬ್ಬರಿಗೆ ತೊಂದರೆ ಕೊಡುವುದಕ್ಕಿಂತ ಸಾಯುವುದೇ ಸಭ್ಯತೆ ಎಂದು ನಂಬಿದ ಜಾತಿಯವನು.

ಕಾಲುವೆ ರಸ್ತೆಯ ದವಾಖಾನೆ ಎಂಟಕ್ಕೆ ತೆರೆಯಿತು. ಸಾಲಿನಲ್ಲಿ ಮೊದಲಿಗನಾಗಿದ್ದ ಬೇಸಿಲ್, ಬಾಗಿಲು ಹಿಡಿದು ಬಂದವರನ್ನೆಲ್ಲ ಒಳಗೆ ಬಿಟ್ಟು ಹದಿನಾಲ್ಕನೆಯವನಾದ. ವಿಳಾಸಕ್ಕೆ ಸಾಕ್ಷಿ ಹೇಳಲು ಕರೆಯದೆಯೇ ಬಂದಿದ್ದ ಮಿಸೆಸ್ ಆಗ್ಡನ್ ಹದಿನೈದನೆಯವಳು.

ಕೌಂಟರಿನಲ್ಲಿ ಮ್ಯಾವಿಸ್ ಕೂತಿದ್ದಳು. ಡಾಕ್ಟರುಗಳನ್ನು ರೋಗಿಗಳಿಂದ ಕಾಪಾಡುವುದು ಅವಳ ಉದ್ಯೋಗ. ಒಂಬತ್ತು ಪುಟದ ಅರ್ಜಿಯನ್ನು ಅವನ ಮುಂದೆ ತಳ್ಳಿದಳು. ವಾರಕ್ಕೆ ಎಷ್ಟು ಬಿಯರ್ ಎಂಬಲ್ಲಿ ಅವನು ಆರು ಎಂದು ಬರೆದ. ಕಸದ ಡಬ್ಬಿಯ ಸೀಸೆಗಳನ್ನು ಎಣಿಸಿದ್ದ ಮಿಸೆಸ್ ಆಗ್ಡನ್ ಅದನ್ನು ಹನ್ನೊಂದಕ್ಕೆ ತಿದ್ದಿಸಿದಳು. ಕೊನೆಯಲ್ಲಿ, ಹಳೆಯ ಡಾಕ್ಟರರ ಪಟ್ಟಿಯಿಂದ ತನ್ನ ಹೆಸರು ತೆಗೆಯಬಹುದೆಂದು ಸಹಿ ಹಾಕಿದ. ಆ ಡಾಕ್ಟರ್ ಯಾರೆಂದು ಓದುವ ಗೋಜಿಗೆ ಹೋಗದೆ ಮ್ಯಾವಿಸ್ ಕಂಪ್ಯೂಟರಿನ ಗುಂಡಿ ಒತ್ತಿ ಹೆಸರು ತೆಗೆದಳು. ಆಮೇಲೆ ನಕ್ಷೆ ಬಿಚ್ಚಿದಳು.

ಯಾವ ಮನೆಯವರು ದವಾಖಾನೆಗೆ ಸೇರಬಹುದೆಂದು ತೋರಿಸುವ ಗಡಿಯ ಕೆಂಪು ಗೆರೆ ಬೇಸಿಲ್ಲನ ಮನೆಯನ್ನು ಬ್ರೆಡ್ಡಿನ ಹಾಗೆ ಕೊಯ್ದು ಹೋಗಿತ್ತು. ಹಿಂದಿನ ಮಲಗುವ ಕೋಣೆ ಒಳಗೆ, ಮುಂದಿನ ಕೋಣೆ ಹೊರಗೆ. ಮನುಷ್ಯ ಎಲ್ಲಿ ಮಲಗುತ್ತಾನೋ ಅದೇ ಅವನ ವಾಸಸ್ಥಳ ಎಂದು ಮ್ಯಾವಿಸ್ ನಿಯಮ ಓದಿ ಹೇಳಿದಳು.

ಹಿಂದಿನ ಕೋಣೆ ಎನ್ನಲು ಬೇಸಿಲ್ ಬಾಯಿ ತೆರೆದ. ಮಿಸೆಸ್ ಆಗ್ಡನ್ ಅವನ ಸಹಾಯಕ್ಕೆ ಧಾವಿಸಿದಳು.

"ಕೋಣೇಲಿ ಎಲ್ಲಿ ಮಲಗ್ತಾನಮ್ಮ, ಪಾಪ. ಮುಂದಿನ ಕೋಣೇಲಿ ಟಿವಿ ಎದುರು ಕುರ್ಚೀಲೇ ಬಾಯಿ ತೆರ್ಕೊಂಡು ಬಿದ್ದಿರ್ತಾನೆ. ಬೆಳಿಗ್ಗೆ ಆರಕ್ಕೂ ಅಲ್ಲೇ. ದಿನಾ ಕಿಟಕೀಲಿ ನೋಡ್ತೀನಲ್ಲ ನಾನು."

"ಹಾಗಾದ್ರೆ ನೀವು ನಮ್ಮ ಗಡಿಗೆ ಬರಲ್ಲ ಸ್ವಾಮಿ," ಎಂದು ಮ್ಯಾವಿಸ್ ಅರ್ಜಿ ಮಡಿಚಿದಳು.

ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತೇನೆ ಎಂದು ಬೇಸಿಲ್ ಬೇಡಿಕೊಂಡ. ಸಾಕ್ಷಿ ದಾಖಲಾದ ಮೇಲೆ ಆರು ತಿಂಗಳು ಕುರ್ಚಿಯ ಚಲನೆಯನ್ನು ಪರಿಗಣಿಸುವುದಿಲ್ಲ ಎಂಬ ಉತ್ತರ ಬಂತು.

ಬೇಸಿಲ್ ಜೀವಮಾನದಲ್ಲೇ ಮೊದಲ ಸಲ ರೇಗಿದ. ಅಂದರೆ, ಗಂಟಲು ಸರಿಮಾಡಿಕೊಂಡ.

"ಬೇಡ ಬಿಡಿ. ನಮ್ಮ ಹಳೇ ಡಾಕ್ಟರ್ ಪ್ಲಂಕೆಟ್ ಹತ್ರಾನೇ ಹೋಗ್ತೀನಿ."

"ಪ್ಲಂಕೆಟ್ಟಾ? ಇಲ್ಲೇ ಮಹಡಿ ಮೇಲೆ ಕೂತಿದ್ದಾರಲ್ಲ. ಜನವರೀಲೇ ಅವರ ದವಾಖಾನೆ ನಮ್ಮದಕ್ಕೆ ಸೇರ್ಕೊಳ್ತು. ಅವರ ರೋಗಿಗಳೆಲ್ಲ ಆಗ್ಲಿಂದ ನಮ್ಮೋರೇ. ಹಳಬರಿಗೆ ಗಡಿ ಗಿಡಿ ಏನೂ ಇಲ್ಲ. ಸುಮ್ನೆ ಬಂದು ಮಾತ್ರೆ ಕೇಳಿದ್ರೆ ಸಂಜೆಗೆ ಸಿಗ್ತಿತ್ತು."

ಬೇಸಿಲ್ಲನ ಮುಖ ಅರಳಿತು. "ಹಾಗಾದ್ರೆ ನಾನೂ ಹಳಬನೇ."

"ಎಂಟೂ ಐವತ್ತರ ತನಕ ಆಗಿದ್ರಿ. ಹೆಸರು ತೆಗೀರಿ ಅಂತ ನೀವೇ ಸಹಿ ಹಾಕಿದ್ರಿ, ತೆಗ್ದೆ. ಇನ್ನು ಹೊಸಬರಾಗೇ ಸೇರ್ಬೇಕು. ಹೊಸಬರಿಗೆ ಗಡಿ ಇದೆ."

ಬೇಸಿಲ್ ಮ್ಯಾವಿಸ್‌ಗೆ ಎರಡು ಸಲ ಧನ್ಯವಾದ ಹೇಳಿದ. ಗಡಿಯೊಳಗಿನವರು, ಹೊರಗಿನವರು ಎನ್ನದೆ ಯಾರು ಬೇಕಾದರೂ ತೋಳು ತೂರಿಸಬಹುದಾದ ರಕ್ತದೊತ್ತಡದ ಯಂತ್ರವೊಂದು ಬಾಗಿಲ ಬಳಿ ಇತ್ತು. ಪುಕ್ಕಟೆಯದನ್ನು ಬಿಡಬಾರದೆಂದು ಮಿಸೆಸ್ ಆಗ್ಡನ್ ಅವನನ್ನು ಅಲ್ಲಿ ಕೂರಿಸಿದಳು.

ಯಂತ್ರ ಬುಸುಗುಟ್ಟಿ ಚೀಟಿ ಹೊರಹಾಕಿತು. ಮೇಲಿನದು ೧೯೪, ಕೆಳಗಿನದು ೧೧೨.