ಎರಡೂವರೆ ದೊಡ್ಡಕ್ಷರ

ನಮ್ಮ ವಿಶ್ವವಿದ್ಯಾನಿಲಯದಲ್ಲಿ ದೊಡ್ಡಕ್ಷರ ನಿಯಂತ್ರಣ ವಿಭಾಗ ಆರಂಭವಾಗಿ ನಾಲ್ಕು ವರ್ಷಗಳಾದವು. ಈ ಅವಧಿಯಲ್ಲಿ ಅರ್ಹತೆಯಿಲ್ಲದ ಒಂದೇ ಒಂದು ಅಕ್ಷರವೂ ದೊಡ್ಡದಾಗಿಲ್ಲವೆಂಬುದನ್ನು, ವಿಭಾಗದ ನಡಾವಳಿ ಬರೆಯುವ ಗುಮಾಸ್ತನಾದ ನಾನು ಹೆಮ್ಮೆಯಿಂದ ದಾಖಲಿಸುತ್ತೇನೆ.

ತಿಳಿಯದವರಿಗಾಗಿ ಒಂದು ಮಾತು. ನಮ್ಮ ಲಿಪಿಯಲ್ಲಿ ಅಕ್ಷರಗಳೆಲ್ಲ ಒಂದೇ ಅಂತಸ್ತಿನವು. ಪರದೇಶದ ಲಿಪಿಗಳಲ್ಲಿ ಹಾಗಲ್ಲ, ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಪ್ರಬಂಧದ ಕೊನೆಗೆ ಪುಸ್ತಕಗಳ ಪಟ್ಟಿ ಕೊಡುವಾಗ ಶೀರ್ಷಿಕೆಯಲ್ಲಿ ಯಾವ ಅಕ್ಷರ ದೊಡ್ಡದಿರಬೇಕು ಎಂಬುದಕ್ಕೆ ಒಂದೊಂದು ಭಾಷೆಯವರದು ಒಂದೊಂದು ಪದ್ಧತಿ. ಇಂಥ ವಿಷಯವನ್ನು ಓದಿದವರ ಕೈಗೆ ಬಿಡಲಾದೀತೇ? ಆದ್ದರಿಂದ ನಮ್ಮ ವಿಭಾಗದಲ್ಲಿ ಯಾರಿಗೂ ಯಾವ ಪರಭಾಷೆಯೂ ಬರುವುದಿಲ್ಲ. ಬಂದರೆ ಪಕ್ಷಪಾತಕ್ಕೆ ಎಡೆಯಾಗುತ್ತದೆಂದು ನೇಮಕಾತಿ ಆದೇಶದಲ್ಲೇ ಹೇಳಿದೆ. ಇದ್ದವರು ಒಬ್ಬರೇ ಅಳತೆಗಾರರು, ಕಟ್ಟಡ ವಿಭಾಗದಿಂದ ವರ್ಗವಾಗಿ ಬಂದವರು. ಉಕ್ಕಿನ ಸ್ಕೇಲು ಹಿಡಿದು ಅಕ್ಷರದ ಎತ್ತರ ನೋಡುತ್ತಿದ್ದರು. ಮೂರು ಮಿಲಿಮೀಟರ್ ಇದ್ದರೆ ದೊಡ್ಡದು, ಎರಡಿದ್ದರೆ ಚಿಕ್ಕದು.

ಹೋದ ವರ್ಷ, ಗೆದ್ದಲುಗಳ ಮೇಲೆ ಏಳು ವರ್ಷ ಕೆಲಸ ಮಾಡಿದ ಸಂಶೋಧಕಿಯೊಬ್ಬರು ನಾನೂರು ಪುಟದ ಪ್ರಬಂಧ ಹೊತ್ತು ತಂದರು. ನಿಯಮದಂತೆ ಕೊನೆಯ ಐದು ಹಾಳೆಯ ಪಟ್ಟಿಯನ್ನು ಬಿಡಿಸಿ ಮೇಜಿನ ಮೇಲಿಟ್ಟು, ಅಳತೆಗೆ ಬಾರದ ಉಳಿದ ಭಾಗವನ್ನು ಬೀರುವಿನ ಹಿಂದೆ ನೆಲದ ಮೇಲಿಟ್ಟೆವು. ತಿಂಗಳ ಕೊನೆಯ ದಿನ ಸಂಜೆ ಐದರೊಳಗೆ ಅಂಗೀಕಾರವಾಗದಿದ್ದರೆ ಆಕೆಯ ನೋಂದಣಿ ರದ್ದು, ಏಳು ವರ್ಷದ ದುಡಿಮೆ ನೀರುಪಾಲು. ಆಕೆಯ ತಾಯಿ ಮನೆ ಬಾಗಿಲಿಗೆ ಮಗಳ ಹೆಸರಿನ ಫಲಕ ಹಾಕಿಸಿ, ಎಡಗಡೆ ‘ಡಾ.’ ಎಂದು ಬರೆಸಲು ಜಾಗ ಬಿಟ್ಟಿದ್ದರಂತೆ. ಬಂದವರೆಲ್ಲ ಹೆಸರು ಯಾಕೆ ಒಂದು ಪಕ್ಕಕ್ಕೆ ಸರಿದಿದೆ ಎಂದು ಕೇಳುತ್ತಿದ್ದರಂತೆ.

ಅಳತೆಗಾರರು ಎರಡು ದಿನ ಅಳೆದರು. ಮೂರನೆಯ ದಿನ ಆಕೆಯನ್ನು ಕರೆಸಿದರು.

“ಏನಮ್ಮ ಇದು? ಈ ಜರ್ಮನ್ ಪುಸ್ತಕಕ್ಕೆ ನಾಲ್ಕು ದೊಡ್ಡಕ್ಷರ ಕೊಟ್ಟಿದೀರಿ. ಪಾಪ, ಈ ಫ್ರೆಂಚ್ ಪುಸ್ತಕಕ್ಕೆ ಒಂದೇ ಒಂದು. ಯಾಕೆ ಈ ತಾರತಮ್ಯ?”

“ಆಯಾ ಭಾಷೆಯೋರು ಹಾಗೇ ಬರೆಯೋದು ಸಾರ್.”

“ಹಾಗೆ ಬರೀತೀವಿ ಅಂತ ಅವರು ನಿಮಗೆ ಪತ್ರ ಕೊಟ್ಟಿದಾರಾ?”

“ಆ ಲೇಖಕರು ತೀರ್ಕೊಂಡು ಎಂಬತ್ತು ವರ್ಷ ಆಯ್ತು ಸಾರ್.”

“ಸತ್ತೋರ ಹೆಸರು ಹೇಳ್ಕೊಂಡು ತಪ್ಪಿಸ್ಕೋಬಾರ್ದಮ್ಮ,” ಎಂದು ಅಳತೆಗಾರರು ನೊಂದುಕೊಂಡರು.

ವಿಷಯ ಸಭೆಗೆ ಬಂತು. ಕುಲಸಚಿವರು ಕೂಡಿಸಿ ಭಾಗಿಸಿದರು. ನಲವತ್ತು ಶೀರ್ಷಿಕೆ, ನೂರು ದೊಡ್ಡಕ್ಷರ. ಸಮಾನವಾಗಿ ಹಂಚಿದರೆ ತಲಾ ಎರಡೂವರೆ. ಹಾಗೆಂದು ಸರ್ವಾನುಮತದಿಂದ ನಿಯಮವಾಯಿತು. ಅರೆ ದೊಡ್ಡಕ್ಷರ ಹೇಗಿರುತ್ತದೆಂದು ಆಕೆ ಕೇಳಿದಾಗ ಎರಡೂವರೆ ಮಿಲಿಮೀಟರ್ ಎಂದು ಅಳತೆಗಾರರು ತಕ್ಷಣ ಉತ್ತರಿಸಿದರು. ಅವರ ಅನುಭವ ಅಂಥದ್ದು.

ಆಕೆ ತಲೆ ಚಚ್ಚಿಕೊಳ್ಳುತ್ತಾ ಮಾರ್ಗದರ್ಶಕರ ಬಳಿ ಹೋದರು. ಅವರು, “ಬರ್ಕೊಟ್ಟು ಬಿಡಮ್ಮ, ಅತ್ಲಾಗೆ ಮುಗೀಲಿ,” ಎಂದರು. ಆಕೆ ಬರೆದುಕೊಟ್ಟರು. ಒಂದು ಕಡೆ ಅಕ್ಷರ ಕೂದಲೆಳೆಯಷ್ಟು ಎತ್ತರವಾಯಿತೆಂದು ವಾಪಸಾಯಿತು. ಇನ್ನೊಮ್ಮೆ ಸ್ಕೇಲೇ ಸರಿಯಿಲ್ಲವೆಂಬ ಅನುಮಾನ ಬಂದು ಅದನ್ನು ಪರೀಕ್ಷೆಗೆ ಕಳಿಸಿ ಹತ್ತು ದಿನ ಕಾದೆವು. ಐದು ಹಾಳೆ ಒಂಬತ್ತು ಸಲ ಬಂದುಹೋದವು.

ಕೊನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಪಟ್ಟಿ ಪಾಸಾಯಿತು. ಆಕೆಯ ಮುಖ ಅರಳಿತು. ಇನ್ನು ಪಟ್ಟಿಯನ್ನು ಪ್ರಬಂಧಕ್ಕೆ ಸೇರಿಸಿ ಹೊಲಿದರೆ ಆಯಿತು ಎಂದು ಬೀರು ಸರಿಸಿದೆವು. ಅಲ್ಲಿ ರಟ್ಟಿನ ಒಂದು ಮೂಲೆಯೂ ಒಂದು ಬೊಗಸೆ ಮಣ್ಣೂ ಇದ್ದವು.

ಆಕೆ ಮಂಡಿಯೂರಿ ಕೂತು ಮಣ್ಣನ್ನು ಬೆರಳಲ್ಲಿ ಕೆದಕಿದರು.

“ನನ್ನ ಗೆದ್ದಲು, ಇದೇ ಜಾತಿ,” ಎಂದರು. “ಕಚೇರಿ ಕಾಗದನ ಇದರಿಂದ ಹೇಗೆ ಕಾಪಾಡ್ಬೇಕು ಅಂತ ಆರನೇ ಅಧ್ಯಾಯದಲ್ಲಿ ಬರ್ದಿದ್ದೆ.”

ಕೂಡಲೇ ತುರ್ತುಸಭೆ ಸೇರಿತು. ಕುಲಸಚಿವರು ಕನ್ನಡಕ ಒರೆಸಿಕೊಂಡು ಕೇಳಿದರು, “ಆ ನಾನೂರು ಪುಟನ ಯಾರಾದ್ರೂ ಓದಿದೀರಾ?”

ಅಳತೆಗಾರರು ಸ್ಕೇಲು ನೋಡಿದರು. ನಾನು ನಡಾವಳಿ ಪುಸ್ತಕ ನೋಡಿದೆ. ಮಾರ್ಗದರ್ಶಕರು ಮಾತ್ರ ಧೈರ್ಯವಾಗಿ, “ಮುನ್ನುಡಿ ನೋಡಿದ್ದೆ ಸಾರ್. ಅದರಲ್ಲಿ ನನ್ನ ಹೆಸರು ಚೆನ್ನಾಗಿ ಬಂದಿತ್ತು,” ಎಂದರು.

“ಅಂದ್ರೆ ಹೋಗಿದ್ದು ಏನು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತೇ ಇಲ್ಲದ್ದು ನಷ್ಟ ಹೇಗಾಗತ್ತೆ? ಪಟ್ಟಿ ಭದ್ರವಾಗಿದೆ ತಾನೇ? ಅದನ್ನೇ ಅಂಗೀಕರಿಸೋಣ.”

“ಸಾರ್, ಮನೇಲಿ ಇನ್ನೊಂದು ಪ್ರತಿ ಇದೆ,” ಎಂದು ಆಕೆ ಎದ್ದುನಿಂತರು. “ಹತ್ತು ನಿಮಿಷದಲ್ಲಿ ತರ್ತೀನಿ.”

“ಧಾರಾಳವಾಗಿ ತನ್ನಿ ತಾಯಿ,” ಎಂದರು ಕುಲಸಚಿವರು. “ಆದ್ರೆ ಅದರ ಕೊನೇಲೂ ಒಂದು ಪಟ್ಟಿ ಇರತ್ತಲ್ಲ? ಅದನ್ನ ಮೊದಲಿಂದ ಅಳೀಬೇಕಾಗತ್ತೆ.”

ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಆಕೆ ಕೂತರು. ಏಳು ವರ್ಷದ ಕೆಲಸವನ್ನು ಬಿಟ್ಟುಕೊಟ್ಟು ಅದೇ ಕೆಲಸಕ್ಕಾಗಿ ಪದವಿ ಪಡೆಯುವುದು ಸುಲಭವಲ್ಲ. ಆಕೆಯ ಕಣ್ಣು ತುಂಬಿ ಬಂತು. ಸಂತೋಷಕ್ಕೆ ಎಂದು ನಡಾವಳಿಯಲ್ಲಿ ಬರೆದೆ.

ಐದು ಹಾಳೆಗೆ ಡಾಕ್ಟರೇಟ್ ಸಂದಿತು. ಫಲಕ ತುಂಬಿತು. ಅಳತೆಗಾರರು ಸ್ವತಃ ಹೋಗಿ ‘ಡಾ.’ ಎಷ್ಟು ಎತ್ತರವಿದೆಯೆಂದು ನೋಡಿ ಬಂದರು. ಪ್ರಬಂಧವಿಲ್ಲದೆ ಕೆಲಸ ಎಷ್ಟು ಸಲೀಸಾಗುತ್ತದೆಂದು ಎಲ್ಲರಿಗೂ ಮನವರಿಕೆಯಾಗಿ, ಇನ್ನು ಮುಂದೆ ಪಟ್ಟಿಯೊಂದನ್ನೇ ಸಲ್ಲಿಸತಕ್ಕದ್ದು ಎಂದು ಸುತ್ತೋಲೆ ಹೊರಟಿತು. ಈ ವರ್ಷ ಹನ್ನೊಂದು ಜನ ಪದವಿ ಪಡೆದರು. ಬೀರುವಿನ ಹಿಂದೆ ಈಗ ಧೂಳೂ ಇಲ್ಲ.

ಅಳತೆಗಾರರು ನಿವೃತ್ತರಾದ ಮೇಲೆ, ಯಾವ ಪರಭಾಷೆಯೂ ಬರುವುದಿಲ್ಲವೆಂದು ಬರೆದುಕೊಟ್ಟು ಆ ಹುದ್ದೆಗೆ ಆಕೆಯೇ ಬಂದಿದ್ದಾರೆ. ಕೈ ಬಹಳ ನಿಖರ. ಮೊನ್ನೆ ಸುತ್ತೋಲೆ ಓದದ ಯಾರೋ ಒಬ್ಬರು ಪಟ್ಟಿಯ ಜೊತೆಗೆ ಆರುನೂರು ಪುಟದ ಪ್ರಬಂಧವನ್ನೂ ತಂದುಬಿಟ್ಟಿದ್ದರು. ಆಕೆ ಸ್ಕೇಲು ಕೆಳಗಿಟ್ಟು, ಐದು ಹಾಳೆ ಮಾತ್ರ ತೆಗೆದುಕೊಂಡು, ಉಳಿದದ್ದನ್ನು ಮೃದುವಾಗಿ ಹಿಂದಕ್ಕೆ ತಳ್ಳಿದರು.

“ಇದೆಲ್ಲ ಇಲ್ಲಿ ಬೇಡಪ್ಪ,” ಎಂದರು. “ಗೆದ್ದಲು ಬರತ್ತೆ.”

ಗೆದ್ದಲಿನ ವಿಷಯದಲ್ಲಿ ಆಕೆಯ ಮಾತಿಗೆ ನಮ್ಮಲ್ಲಿ ಯಾರೂ ಎದುರಾಡುವುದಿಲ್ಲ.