ಖಾರಪುಡಿಯ ತುಕ್ಕು

ಸಿಂಧನೂರಿನ ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ಹಳೆಯ ವಿದೇಶಿ ಪತ್ರಿಕೆ ನನ್ನ ಮಾನ ಕಳೆಯಿತು. ಅದರಲ್ಲಿ ಅಂಗೈಯಗಲದ ರೈಲು, ಲಾರಿ, ಹಡಗುಗಳ ಚಿತ್ರಗಳಿದ್ದವು. ಎಲ್ಲವೂ ಕೈಯಿಂದ ಮಾಡಿದ ಮಾದರಿಗಳು, ಎಲ್ಲಕ್ಕೂ ತುಕ್ಕು ಹಿಡಿದಿತ್ತು. ನೋಡಿದರೆ ಅದು ತುಕ್ಕಲ್ಲ, ಬಣ್ಣ! ಹೊಚ್ಚ ಹೊಸದನ್ನು ಹಾಳಾದಂತೆ ತೋರಿಸುವುದೇ ಅಲ್ಲಿ ದೊಡ್ಡ ಕಲೆಯಂತೆ. ನಾನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಹೊಸದನ್ನು ಹಾಳು ಮಾಡುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನನ್ನ ಹೆಂಡತಿ ಶಾರದಾ ಮೊದಲಿನಿಂದಲೂ ಹೇಳುತ್ತಿದ್ದಳು. ಅದನ್ನು ನಾನು ಹೊಗಳಿಕೆ ಎಂದುಕೊಂಡಿರಲಿಲ್ಲ, ಅಷ್ಟೆ.

ಆಗ ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಸ್ಕಿಯಲ್ಲಿದ್ದ ನನ್ನ ಮಾವ ಹೊಸ ಟ್ರ್ಯಾಕ್ಟರ್ ತಂದಿದ್ದರು. ಕೆಂಪು ಬಣ್ಣದ್ದು. ದಿನಾ ಬೆಳಿಗ್ಗೆ ಅದನ್ನು ತೊಳೆದು, ಒರೆಸಿ, ವಿಭೂತಿ ಹಚ್ಚಿ, ಆಮೇಲೆ ತಾವು ಜಳಕಕ್ಕೆ ಹೋಗುತ್ತಿದ್ದರು. ಅವರ ಮಗ ಬಸವರಾಜನಿಗೆ ಹೆಣ್ಣು ಹುಡುಕುತ್ತಿದ್ದರು. ಹಿಂದೆ ಬಂದ ಸಂಬಂಧಗಳೆಲ್ಲ ಏನೋ ಒಂದು ನೆಪಕ್ಕೆ ತಪ್ಪಿಹೋಗಿ, ಅತ್ತೆ ಹರಕೆ ಹೊರುವ ಮಟ್ಟಕ್ಕೆ ಬಂದಿದ್ದರು. ಅಷ್ಟರಲ್ಲಿ ಲಿಂಗಸುಗೂರಿನ ಒಂದು ಒಳ್ಳೆಯ ಮನೆತನದವರು, ‘ಟ್ರ್ಯಾಕ್ಟರ್ ಇದ್ದ ಮನೆ ಅಂತ ಕೇಳಿದೆವು, ಬಂದು ನೋಡುತ್ತೇವೆ’ ಎಂದು ಹೇಳಿ ಕಳಿಸಿದರು. ನಮ್ಮ ಕಡೆ ಹೆಣ್ಣು ಕೊಡುವವರು ಮೊದಲು ಮನೆ ನೋಡುತ್ತಾರೆ, ಆಮೇಲೆ ಹೊಲ, ಆಮೇಲೆ ಗಾಡಿ. ಹೊತ್ತು ಉಳಿದರೆ ಹುಡುಗನನ್ನೂ ನೋಡುತ್ತಾರೆ.

ಇಂಥ ಶುಭಕಾರ್ಯದಲ್ಲಿ ಹಿರಿಯ ಅಳಿಯನಾದವನು ಕೈಕಟ್ಟಿ ಕೂತರೆ ಹೇಗೆ? ಮಾವನ ಟ್ರ್ಯಾಕ್ಟರಿನ ಪುಟ್ಟ ಮಾದರಿಯೊಂದನ್ನು ಮಾಡಿ, ಅವರ ಪಡಸಾಲೆಯಲ್ಲಿಟ್ಟು, ಬರುವ ಬೀಗರ ಕಣ್ಣಲ್ಲಿ ನೀರು ಬರುವಂತೆ ಬೆರಗುಗೊಳಿಸಬೇಕೆಂದು ತೀರ್ಮಾನಿಸಿದೆ. ನೀರು ಬಂತು. ಅದನ್ನು ಮುಂದೆ ಹೇಳುತ್ತೇನೆ.

ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಬಗ್ಗಿಸಿ, ಅಂಟಿಸಿ, ಮಾದರಿ ಸಿದ್ಧವಾಯಿತು. ನಂಬರ್ ಪ್ಲೇಟು ಸಹಿತ ಥೇಟ್ ಮಾವನದೇ. ಆದರೆ ಮಕ್ಕಳ ಆಟಿಕೆಯಂತೆ ಕಾಣುತ್ತಿತ್ತು. ತುಕ್ಕು ಬೇಕಿತ್ತು. ಪತ್ರಿಕೆಯ ಇಂಗ್ಲಿಷ್ ನನಗೆ ಅರ್ಧ ತಿಳಿಯಿತು. ವಾರ್ನಿಷ್ ಹಸಿಯಿರುವಾಗಲೇ ಪುಡಿ ಉದುರಿಸಬೇಕು. ಯಾವ ಪುಡಿ ಎಂಬುದು ತಿಳಿಯದ ಅರ್ಧದಲ್ಲಿತ್ತು. ಇಟ್ಟಿಗೆ ಪುಡಿ ಉದುರಿಸಿದೆ. ಟ್ರ್ಯಾಕ್ಟರ್ ಹೋಗಿ ಗೋಡೆಯಾಯಿತು. ಚಹಾಪುಡಿ ಉದುರಿಸಿದೆ, ಸಗಣಿ ಮೆತ್ತಿದಂತಾಯಿತು. ಸೋತು ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಶಾರದಾ ಹೊಸ ಖಾರಪುಡಿಗೆ ಜರಡಿ ಹಿಡಿಯುತ್ತಿದ್ದಳು. ಮೆಣಸಿನಕಾಯಿ ಕೊಂಚ ಹೆಚ್ಚು ಹುರಿದು ಪುಡಿ ಕಂದು ಬಣ್ಣಕ್ಕೆ ತಿರುಗಿತ್ತು. ಅಪ್ಪಟ ತುಕ್ಕಿನ ಬಣ್ಣ!

“ಒಂದು ಹಿಡಿ ಕೊಡು,” ಎಂದೆ.

“ಯಾಕ್ರೀ? ಈಗರ ಉಂಡೀರಿ.”

“ಟ್ರ್ಯಾಕ್ಟರಿಗೆ ತುಕ್ಕು ಹಚ್ಚಬೇಕು.”

ಅವಳು ಜರಡಿ ಕೆಳಗಿಟ್ಟಳು. “ನಮ್ಮಪ್ಪನ ಗಾಡಿಗೆ ತುಕ್ಕು ಎಲ್ಲೈತ್ರೀ? ನಿನ್ನೆ ಮೊನ್ನೆ ತಂದಾರ.”

“ನಿನಗ ತಿಳಿಯಂಗಿಲ್ಲ ಬಿಡು. ತುಕ್ಕು ಇಲ್ಲಂದ್ರ ಖರೇ ಅನ್ನಿಸೂದಿಲ್ಲ.”

“ಇಲ್ಲದ್ದನ್ನ ಹಚ್ಚಿ ಖರೇ ಮಾಡ್ತೀರಿ? ಮಾಡ್ರಿ. ನಾಳೆ ಏನರ ಆದ್ರ ನನ್ನ ಹೆಸರು ತಗೀಬ್ಯಾಡ್ರಿ.”

ಕಲೆಗೆ ಮನೆಯಲ್ಲಿ ಬೆಲೆ ಇರುವುದಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಬಾನೆಟ್ಟು, ಮಡ್‌ಗಾರ್ಡು, ಗಾಲಿ, ಎಲ್ಲೆಲ್ಲಿ ಮಾವ ದಿನಾ ಒರೆಸುತ್ತಿದ್ದರೋ ಅಲ್ಲೆಲ್ಲ ಭರ್ಜರಿಯಾಗಿ ತುಕ್ಕು ಹಿಡಿಸಿದೆ.

ಲಿಂಗಸುಗೂರಿನವರು ಮಧ್ಯಾಹ್ನ ಬರುತ್ತೇವೆ ಎಂದಿದ್ದರು. ಬಂದಿದ್ದು ಬೆಳಿಗ್ಗೆ. ಕಾಲುವೆಗೆ ನೀರು ಬಿಟ್ಟಿದ್ದರಿಂದ ಟ್ರ್ಯಾಕ್ಟರ್ ಬಳಗಾನೂರಿನ ಗದ್ದೆಗೆ ಹೋಗಿತ್ತು. ಪಡಸಾಲೆಯಲ್ಲಿ ಇದ್ದದ್ದು, ಬೆಳಗಿನ ಬಸ್ಸಿಗೆ ಶಾರದಾಳೊಂದಿಗೆ ಬಂದು ನಾನು ಆಗಷ್ಟೇ ಇಟ್ಟಿದ್ದ ಮಾದರಿ ಮಾತ್ರ. ಹುಡುಗಿಯ ಸೋದರಮಾವ ದೊಡ್ಡ ಮೀಸೆಯ ಮನುಷ್ಯ, ಸಂಬಂಧ ಬೇಕು ಬೇಡ ಎನ್ನುವವರು ಅವರೇ. ಅವಲಕ್ಕಿ ತಟ್ಟೆ ಬದಿಗಿಟ್ಟು ಮಾದರಿಯ ಮುಂದೆ ಹೋಗಿ ನಿಂತರು.

“ಇದು ಯಾವ ಗಾಡಿರೀ?”

ಇದೇ ಗಳಿಗೆಗಾಗಿ ನಾನು ಕಾದಿದ್ದೆ. “ಥೇಟ್ ನಮ್ಮ ಮಾವಾರ ಗಾಡೀರಿ. ಒಂದು ಬೋಲ್ಟೂ ಆಕಡೆ ಈಕಡೆ ಇಲ್ಲ. ನಂಬರ್ ಸೈತ ಅದ.”

“ತುಕ್ಕೂ?”

“ತುಕ್ಕೂನೂ ಖರೇದರಂಗ ಐತಿ ನೋಡ್ರಿ!”

ಮಾವ ಕೆಮ್ಮಿದರು. ಒಳಬಾಗಿಲಲ್ಲಿ ಶಾರದಾ ಕೈ ಆಡಿಸುತ್ತಿದ್ದಳು. ಇನ್ನಷ್ಟು ವಿವರಿಸಿ ಎನ್ನುತ್ತಿದ್ದಾಳೆ ಎಂದು ತಿಳಿದು, ಗಾಲಿಯ ತುಕ್ಕಿನ ವಿಶೇಷವನ್ನೂ ವಿವರಿಸಿದೆ.

“ಗಾಡಿ ಎಲ್ಲೈತ್ರೀ?” ಎಂದರು ಸೋದರಮಾವ, ನನ್ನ ಮಾವನ ಕಡೆ ತಿರುಗಿ.

“ಬಳಗಾನೂರಿಗೆ ಹೋಗೇತ್ರೀ. ಹೊಸಾದು, ಅಗದೀ ಹೊಸಾದು,” ಎಂದರು ಮಾವ. ಅವರ ದನಿಯೇ ಅವರಿಗೆ ಸಾಕ್ಷಿ ಹೇಳಲಿಲ್ಲ.

“ಹಾಂ, ಹಾಂ. ಇನ್ನೊಮ್ಮೆ ಬರ್ತೀವಿ ತಗೋರಿ.” ಸೋದರಮಾವ ಹೆಗಲ ಮೇಲೆ ವಲ್ಲಿ ಹಾಕಿಕೊಂಡರು. ಅತ್ತೆಯ ಮುಖ ಬಾಡಿತು. ಬಸವರಾಜ ತಲೆ ತಗ್ಗಿಸಿದ. ನನ್ನ ತುಕ್ಕನ್ನು ಅವರು ಗಾಡಿಯ ತುಕ್ಕೆಂದೇ ನಂಬಿದ್ದಾರೆ ಎಂದು ನನಗೆ ಆಗ ತಿಳಿಯಿತು.

“ಅದು ತುಕ್ಕಲ್ರೀ!” ಎಂದು ಓಡಿಹೋಗಿ ಅಡ್ಡ ನಿಂತೆ. “ಖಾರಪುಡಿ!”

“ಚ್ಯಾಷ್ಟಿ ಮಾಡ್ತೀರೇನು ಮಾಸ್ತರ?” ಎನ್ನುತ್ತ ಅವರು ಮಾದರಿಯ ಬಾನೆಟ್ಟನ್ನು ಉಗುರಿನಿಂದ ಕೆರೆದು, ಮೂಗಿಗೆ ಹಿಡಿದು ಜೋರಾಗಿ ಮೂಸಿದರು. ಆಮೇಲೆ ಬಂದ ಸೀನುಗಳಿಗೆ ಕಟ್ಟೆಯ ಮೇಲಿದ್ದ ಬೆಕ್ಕು ಓಡಿಹೋಯಿತು. ಸೀನಿನ ನೀರು ಒರೆಸಿಕೊಳ್ಳಲು ಅದೇ ಬೆರಳನ್ನು ಕಣ್ಣಿಗೆ ಹಚ್ಚಿದರು.

ಮುಂದಿನದನ್ನು ಸಭ್ಯ ಭಾಷೆಯಲ್ಲಿ ಬರೆಯಲಾಗದು. ಅತ್ತೆ ತಣ್ಣೀರು ತಂದರು, ಶಾರದಾ ಹಾಲು ತಂದಳು, ನಾನು ಗಾಳಿ ಬೀಸಲು ಹೋಗಿ ಅವರ ಮೀಸೆಗೆ ಬೀಸಣಿಗೆ ತಾಗಿಸಿದೆ. “ಅಳಿಯಾರ, ನೀವು ಹಿತ್ತಲಕ್ಕ ಹೋಗಿ ಕುಂಡ್ರಿ,” ಎಂದರು ಮಾವ. ಹೋಗಿ ಕುಳಿತೆ.

ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರಿನ ಸದ್ದು. ಹಿತ್ತಲಿಂದ ಓಡಿಬಂದೆ. ಗದ್ದೆಯ ಕೆಸರು ಒಣಗಿ ಗಾಡಿ ತಲೆಯಿಂದ ಕಾಲಿನವರೆಗೆ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಹೊರಗೆ ಬಂದ ಸೋದರಮಾವ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಅದನ್ನು ನೋಡಿದರು.

“ನಿಮ್ಮ ಅಳಿಯಾರು ಸುಳ್ಳು ಹೇಳಿಲ್ಲ ಬಿಡ್ರಿ,” ಎಂದರು.

ಬಸವರಾಜ ಕೊಡ ಎತ್ತಿಕೊಂಡ. ಬಾವಿಯಿಂದ ಸೇದಿ ಸೇದಿ ಸುರಿದ. ಕೆಸರು ಇಳಿದಂತೆ ಕೆಂಪು ಬಣ್ಣ ಫಳಫಳ ಹೊಳೆಯಿತು. ಸೋದರಮಾವ ಹತ್ತಿರ ಹೋಗಿ, ಈ ಸಲ ಬೆರಳು ಮುಟ್ಟಿಸದೆ, ವಲ್ಲಿಯ ಚುಂಗಿನಿಂದ ಒರೆಸಿ ನೋಡಿದರು. ತೊಯ್ದು ನಿಂತ ಬಸವರಾಜನನ್ನೂ ಮೊದಲ ಸಲ ಸರಿಯಾಗಿ ನೋಡಿದರು.

“ಗಾಡಿ ಚಲೋ ಐತಿ. ಹುಡುಗ ಗಾಡಿಗಿಂತ ಚಲೋ ಅದಾನ,” ಎಂದರು. “ಒಂದ ಮಾತು. ಮದುವ್ಯಾಗ ಮಾಸ್ತರನ್ನ ಅಡಿಗೀ ಮನಿ ಕಡೆ ಬಿಡಬ್ಯಾಡ್ರಿ.”

ಹೀಗೆ ಸಂಬಂಧ ಉಳಿಯಿತು. ಮಾದರಿ ಉಳಿಯಲಿಲ್ಲ. ಅತ್ತೆ ಅದನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಮತ್ತೆ ಎಣ್ಣೆ ಡಬ್ಬಿಯ ತಗಡು ಮಾಡಿದರು. ಮದುವೆಯ ಹಂದರದಲ್ಲಿ ವಧೂವರರ ಹೆಸರಿನ ಬೋರ್ಡು ಬರೆಯಲು ಬೇರೆ ಪೇಂಟರನನ್ನು ಕರೆಸಿದರು. ಮನೆಯಲ್ಲೇ ಡ್ರಾಯಿಂಗ್ ಮಾಸ್ತರನಿರುವಾಗ! ಆ ಉರಿ ಖಾರಪುಡಿಯದಕ್ಕಿಂತ ಹೆಚ್ಚು ದಿನ ಇತ್ತು.

ವರ್ಷಗಳು ಕಳೆದವು. ಮಾವನಿಗೆ ಮೊಣಕಾಲು ನೋವು ಬಂದು ಗಾಡಿ ತೊಳೆಯುವುದು ನಿಂತಿತು. ಮಳೆಯಲ್ಲಿ ನಿಂತು ನಿಂತು ಅದಕ್ಕೆ ನಿಜವಾದ ತುಕ್ಕು ಹಿಡಿಯಿತು. ಮಾರಬೇಕೆಂದು ನಿಂತಾಗ ಜವಳಗೇರಾದಿಂದ ರೈತರೊಬ್ಬರು ನೋಡಲು ಬಂದರು. ಬಾನೆಟ್ಟಿನ ಮೇಲೆ ಕೈಯಾಡಿಸಿ, “ತುಕ್ಕು ಭಾಳ ತಿಂದೈತಲ್ರೀ,” ಎಂದರು.

ಮಾವ ಮುಖದ ಗೆರೆಯನ್ನೂ ಅಲುಗಿಸಲಿಲ್ಲ. “ಅದು ತುಕ್ಕಲ್ರೀ. ನಮ್ಮ ಅಳಿಯಾರು ದೊಡ್ಡ ಕಲಾವಿದರು. ಬಣ್ಣ ಹಚ್ಚ್ಯಾರ. ಕೇಳ್ರಿ ಬೇಕಾದ್ರ.”

ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದ ಸೇಡು ಅದು. ಶಾರದಾ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದಳು. ನಾನೇನು ಮಾಡಲಿ? “ಹೌದ್ರಿ, ನಂದೇ ಕೆಲಸ,” ಎಂದೆ.

ಆ ರೈತರು ಬಗ್ಗಿ, ಕನ್ನಡಕ ಏರಿಸಿ, ದೇವರೇ ಹಿಡಿಸಿದ ಆ ತುಕ್ಕನ್ನು ಬಹಳ ಹೊತ್ತು ಪರೀಕ್ಷಿಸಿದರು. ಕೊನೆಗೆ ನನ್ನ ಭುಜದ ಮೇಲೆ ಕೈಯಿಟ್ಟರು.

“ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ. ನಿಮ್ಮ ಕೈ ಇನ್ನೂ ಪಳಗಿಲ್ಲ. ಖರೇ ತುಕ್ಕು ಹೀಂಗ ಇರೂದಿಲ್ಲ.”