ಗನಿಸಾಬರ ಹಡಗು ಖರ್ಚಿನ ತಾಲೀಮು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಕಪ್ ಚಹಾ. ಅದೂ ಮುದ್ದೇಬಿಹಾಳದ ಚಹಾ ಅಲ್ಲ, ಗನಿಸಾಬರು ಇನ್ನೂ ಕಣ್ಣಿಂದ ಕಾಣದ ಹಡಗಿನ ಚಹಾ. ಒಂದಕ್ಕೆ ಮುನ್ನೂರು ರೂಪಾಯಿ!

ಅಬ್ದುಲಗನಿ, ಅಂದರೆ ಊರವರ ಗನಿಸಾಬರು, ಮಾರ್ಕೆಟ್ ಯಾರ್ಡಿನ ಎದುರು ಬೀಜ-ಔಷಧದ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಈ ಸಲ ತೊಗರಿ ಬೀಜ ಎಷ್ಟು ಮಾರಿದರೆಂದರೆ, ಬೀಜದ ಕಂಪನಿಯವರು ಖುಷಿಯಾಗಿ ಇಬ್ಬರಿಗೆ ಹದಿನಾಲ್ಕು ದಿನದ ಹಡಗಿನ ಪ್ರವಾಸ ಕೊಟ್ಟುಬಿಟ್ಟರು. ಅಂಗಡಿಯ ಲೈಸೆನ್ಸು ಹೆಂಡತಿ ಯಾಸ್ಮಿನಳ ಹೆಸರಿನಲ್ಲಿ ಇದ್ದುದರಿಂದ ಬಹುಮಾನವೂ ಅವಳ ಹೆಸರಿಗೇ ಬಂತು. ಅವಳು ಹೋಗುವ ಇಬ್ಬರ ಹೆಸರು ಬರೆದು ಫಾರ್ಮು ತುಂಬಿ ಇವತ್ತು ಸಂಜೆ ಆರರೊಳಗೆ ಫೋನಿನಲ್ಲೇ ಕಳಿಸಬೇಕಿತ್ತು. ಪಾಸ್‌ಪೋರ್ಟಿನ ಚಿಂತೆ ಇರಲಿಲ್ಲ. ಮೂರು ವರ್ಷದ ಹಿಂದೆ ಗನಿಸಾಬರ ತಾಯಿ ಖಾತುನಬಿಯನ್ನು ಕರೆದುಕೊಂಡು ಗಂಡ-ಹೆಂಡತಿ ಇಬ್ಬರೂ ಉಮ್ರಾಕ್ಕೆ ಹೋಗಿ ಬಂದಿದ್ದರು.

ಆಗ ವಿಮಾನದ ಕಿಟಕಿಯಿಂದ ಗನಿಸಾಬರು ಮೊದಲ ಸಲ ಸಮುದ್ರ ನೋಡಿದ್ದು. ಅದೂ ಅರ್ಧ ನಿಮಿಷ, ಆಮೇಲೆ ಮೋಡ ಅಡ್ಡ ಬಂತು. ಅಂದಿನಿಂದ ಹಡಗಿನ ಕಟಕಟೆ ಹಿಡಿದು ನಿಂತು ಕಣ್ತುಂಬ ನೀರು ನೋಡಬೇಕೆಂಬ ಆಸೆ ಅವರ ಎದೆಯಲ್ಲಿ ಕೂತುಬಿಟ್ಟಿತ್ತು. ಆದರೆ ಕಂಪನಿ ಕೊಡುವುದು ಕೋಣೆ ಮತ್ತು ಊಟ ಮಾತ್ರ. ಚಹಾ, ಬಾಟಲಿ ನೀರು, ಇಂಟರ್ನೆಟ್ಟು, ಫೋಟೋ, ಬಟ್ಟೆ ಒಗೆಸುವುದು, ಎಲ್ಲ ನಮ್ಮ ಕೈಯಿಂದ. ರೊಕ್ಕ ಕೂಡ ಆಗಿಂದಾಗ ಕೇಳುವುದಿಲ್ಲವಂತೆ. ಒಂದು ಕಾರ್ಡು ಕೊಡುತ್ತಾರೆ, ಹದಿನಾಲ್ಕು ದಿನ ತೋರಿಸುತ್ತಾ ಹೋಗುವುದು, ಕೊನೆಯ ದಿನ ಬಿಲ್ಲು. ಇದನ್ನು ಓದಿದಾಗಿನಿಂದ ಗನಿಸಾಬರ ನಿದ್ದೆ ಹಾರಿಹೋಗಿತ್ತು. ಇಬ್ಬರಿಗೂ ಸೇರಿ ನಲವತ್ತೆರಡು ಸಾವಿರ, ದಿನಕ್ಕೆ ಮೂರು ಸಾವಿರ, ಅದರ ಮೇಲೆ ಒಂದು ಪೈಸೆ ಇಲ್ಲ ಎಂದು ನಿರ್ಧರಿಸಿದರು. ನಿರ್ಧಾರ ಗಟ್ಟಿಯೋ ಇಲ್ಲವೋ ನೋಡಲು ಮನೆಯಲ್ಲೇ ಒಂದು ತಾಲೀಮು ಇಟ್ಟರು.

ಬೆಳಿಗ್ಗೆ ಆರಕ್ಕೆ ಹತ್ತಿ ಬೀಜದ ಡಬ್ಬಿಯ ರಟ್ಟು ಕತ್ತರಿಸಿ ಮೂರು ಕಾರ್ಡು ಮಾಡಿ, ದಾರ ಪೋಣಿಸಿ, ಮೂವರ ಕೊರಳಿಗೂ ಹಾಕಿದರು. ಅಂಗಡಿಗೆ ಇವತ್ತು ಬೀಗ.

"ಸಂಜಿ ಆರರ ತನಕ ಈ ಮನಿ ಹಡಗ ಐತಿ. ಯಾರು ಏನ ತಗೊಂಡ್ರೂ ಹಡಗಿನ ರೇಟ್ನ್ಯಾಗ ಕಾರ್ಡಿಗೆ ಬರಸ್ಬೇಕು. ಯಾಸ್ಮಿನ, ಲೆಕ್ಕ ನಿಂದು."

"ನಾ ಏನ್ ಹಡಗಿಗೆ ಬರಾಕತ್ತೇನಿ? ನನ್ನ ಕೊಳ್ಳಾಗ ಯಾಕಪಾ ಈ ರಟ್ಟು?" ಎಂದಳು ಖಾತುನಬಿ.

"ಹೋಲಿಸಿ ನೋಡಾಕ ಬೇಕಮ್ಮಾ. ಮೂರ ಮಂದಿ ಇದ್ರ ಅಂದಾಜ ಸಿಗ್ತೈತಿ."

ಯಾಸ್ಮಿನ ನೋಟುಬುಕ್ಕು ತೆಗೆದು ಗೆರೆ ಎಳೆದು ಕುಳಿತಳು.

ಎಂಟಕ್ಕೆ ಪಕ್ಕದ ಝೆರಾಕ್ಸ್ ಅಂಗಡಿಯ ಕಾಂತು ಇಣುಕಿದ.

"ಏನ್ರಿ ಗನಿಸಾಬ್ರ, ಕೊಳ್ಳಾಗ ಕಾರ್ಡ ಹಾಕ್ಕೊಂಡೀರಿ? ಎಲೆಕ್ಷನ್ ಡ್ಯೂಟಿ ಬಂತೇನ್ರಿ?"

ಗನಿಸಾಬರು ತಾಲೀಮಿನ ಸಂಗತಿ ವಿವರಿಸಿದರು. ಕಾಂತು ಚಪ್ಪಲಿ ಬಿಟ್ಟು ಒಳಗೇ ಬಂದ. "ಹಂಗಾರ ನನಗೂ ಒಂದ ಹಡಗಿನ ಚಾ ಹಾಕ್ರಿ. ಬರಕೋರಿ ನನ್ನ ಹೆಸರಿಗೆ, ನಾ ಕೊಡ್ತೇನಿ."

ಅಷ್ಟೇ, ಗನಿಸಾಬರ ಮುಖ ಕೆಂಪಾಯಿತು. ಮನೆಯಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿ ಎಣಿಸುವ ಮನುಷ್ಯ ನಿಜ. ಆದರೆ ನಾಲ್ಕು ಮಂದಿಯ ಎದುರು ಇನ್ನೊಬ್ಬರು ಕಿಸೆಗೆ ಕೈ ಹಾಕಿದರೆ ಅವರಿಂದ ತಡೆಯಲು ಆಗುತ್ತಿರಲಿಲ್ಲ. ಹೋಟೆಲಿನ ಗಲ್ಲೆಯ ಮುಂದೆ ಮೂವರ ಕೈ ಹಿಡಿದೆಳೆದು ತಾವೇ ಬಿಲ್ಲು ಕೊಟ್ಟು ಬರುವ ಚಟ ಮೊದಲಿನಿಂದಲೂ ಇತ್ತು.

"ನಮ್ಮ ಮನಿಗೆ ಬಂದು ನೀವು ಕೊಡ್ತೀರಿ? ಮರ್ಯಾದಿ ತಗೀತೀರೇನ್ರಿ! ಯಾಸ್ಮಿನ, ಎರಡ ಚಾ, ನನ್ನ ಕಾರ್ಡಿಗೆ ಬರಿ!"

"ಆರನೂರು," ಎಂದಳು ಯಾಸ್ಮಿನ.

ಕಾಂತು ಸುಮ್ಮನಿರುವ ಪ್ರಾಣಿಯೇ? ಹತ್ತು ಗಂಟೆಯೊಳಗೆ ಓಣಿಯಲ್ಲೆಲ್ಲ ಸುದ್ದಿ ಆಯಿತು. ರಿಟೈರಾದ ಬಸ್ ಕಂಡಕ್ಟರು ಸಿದ್ದರಾಯ ನಾಲ್ವರನ್ನು ಹಿಂದೆ ಹಾಕಿಕೊಂಡು ಬಂದ.

"ಒಂದ ಚಾಕ್ಕ ಮುನ್ನೂರಾ? ಅಷ್ಟರಾಗ ಬಸವನ ಬಾಗೇವಾಡಿಗೆ ಹೋಗಿ, ಉಂಡು, ವಾಪಸ್ ಬರಬಹುದಲ್ಲೋ ಗನಿ! ತಡಿ, ಈ ಐದೂ ಚಾ ನಂದು."

"ಏ ಸಿದ್ದರಾಯಣ್ಣಾ, ಕೈ ತಗಿ! ನನ್ನ ಕಾರ್ಡಿಗೇ ಬರಿ ಯಾಸ್ಮಿನ!"

ಯಾಸ್ಮಿನ ಬರೆದಳು. ಚಹಾ ಕುಡಿದವರು ಎದ್ದು ಹೋಗಲಿಲ್ಲ. ಹಡಗಿನಲ್ಲಿ ಎರಡನೇ ಚಹಾ ಹೇಗಿರುತ್ತದೆಂದು ನೋಡಬೇಕಂತೆ.

ಅಷ್ಟರಲ್ಲಿ ಫೋನು. ಅಂಗಡಿಗೆ ಬೀಗ ಕಂಡ ರೈತರು ಸಾಲುಹಚ್ಚಿ ಫೋನು ಮಾಡತೊಡಗಿದ್ದರು. ದೇವಣಗಾಂವದ ಯಲ್ಲಾಲಿಂಗನಂತೂ ಹತ್ತಿರದ ಸಿಂದಗಿ, ಇಂಡಿ ಊರುಗಳ ಅಂಗಡಿಗಳನ್ನೆಲ್ಲ ಬಿಟ್ಟು ಗನಿಸಾಬರನ್ನೇ ನಂಬಿದವನು. ಹೊಲದಿಂದಲೇ ವಿಡಿಯೋ ಕಾಲು ಹಚ್ಚಿದ.

"ನೋಡ್ರಿ ಸಾಹುಕಾರ್ರ, ಕಾಯಾಗ ಕೀಡಿ ಹೆಂಗ ಕುಂತೈತಿ!"

"ಕಾಣವಲ್ದು. ಸ್ವಲ್ಪ ಹತ್ರ ಹಿಡಿ."

"ನಾಲ್ವತ್ತು, ಎಂಬತ್ತು, ನೂರಾ ಇಪ್ಪತ್ತು," ಯಾಸ್ಮಿನ ಗಡಿಯಾರ ನೋಡುತ್ತಾ ಇಂಟರ್ನೆಟ್ಟಿಗೆ ನಿಮಿಷಕ್ಕೆ ನಲವತ್ತರಂತೆ ಎಣಿಸತೊಡಗಿದಳು.

"ಲಗೂ ಹೇಳೋ ಮಾರಾಯಾ, ನಾ ಹಡಗಿನ್ಯಾಗ ಅದೇನಿ!"

"ಹಡಗಿನ್ಯಾಗ? ಯಾವಾಗ ಹೋದ್ರಿ? ನೀವು ಇರಂಗಿಲ್ಲಂದ್ರ ನಮ್ಮಣ್ಣನ ಹೊಲದ ಕೀಡೀನೂ ತೋರಿಸಿಬಿಡ್ತೇನಿ, ತಡೀರಿ," ಎಂದು ಯಲ್ಲಾಲಿಂಗ ಫೋನು ಹಿಡಿದುಕೊಂಡೇ ಅಣ್ಣನ ಹೊಲಕ್ಕೆ ನಡೆದ. ಅಣ್ಣನ ಹೊಲ ಹಳ್ಳದ ಆಚೆ ಇತ್ತು.

ಮಧ್ಯಾಹ್ನ ಸಿದ್ದರಾಯ ಗನಿಸಾಬರನ್ನು ಮಾಳಿಗೆಗೆ ಎಳೆದುಕೊಂಡು ಹೋದ. "ಹಡಗಿನ ಕಟ್ಟಿ ಹಿಡದಂಗ ನಿಂದರು, ಫೋಟೋ ಹೊಡೀತೇನಿ." ಗನಿಸಾಬರು ಪ್ಯಾರಾಪೆಟ್ಟು ಹಿಡಿದು ನಿಂತರು. ಗಾಳಿ ಬೀಸಿತು. ಕೆಳಗೆ ಯಾರ್ಡಿನೊಳಗೆ ಟ್ರ್ಯಾಕ್ಟರು ತಿರುಗುತ್ತಿದ್ದವು, ಆದರೂ ಒಂದು ಗಳಿಗೆ ಅವರಿಗೆ ನಾಲ್ಕೂ ದಿಕ್ಕಿಗೆ ನೀರೇ ಕಂಡಿತು. ಹೋಗಲೇಬೇಕು, ಏನಾದರೂ ಆಗಲಿ ಹೋಗಲೇಬೇಕು ಎಂದುಕೊಂಡರು. ಕಣ್ಣು ಮುಚ್ಚಿದ್ದರಿಂದ ಫೋಟೋ ಕೆಟ್ಟಿತು. ಇನ್ನೊಂದು ಹೊಡೆಸಬೇಕಾಯಿತು.

"ಹಡಗಿನ ಫೋಟೋ ಒಂದಕ್ಕ ಹದಿನಾರನೂರು," ಎಂದು ಮೆಟ್ಟಿಲ ಕೆಳಗಿನಿಂದ ಯಾಸ್ಮಿನಳ ದನಿ ಬಂತು. "ಎರಡಲ್ರಿ?"

ಇಳಿಯುವಾಗ, ಚಹಾ ಹಿಡಿದು ಮೇಲೆ ಬರುತ್ತಿದ್ದ ಕಾಂತು ಡಿಕ್ಕಿ ಹೊಡೆದು ಗನಿಸಾಬರ ಅಂಗಿ ಮೇಲೆ ಚೆಲ್ಲಿದ. ಬಟ್ಟೆ ಒಗೆಸಿದ್ದಕ್ಕೆ ಮುನ್ನೂರ ಐವತ್ತು.

ಬಂದವರನ್ನೆಲ್ಲ ಐದರ ಹೊತ್ತಿಗೆ ಹೇಗೋ ಸಾಗಹಾಕಿ ಗನಿಸಾಬರು ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಾಡತೊಡಗಿದರು. ಕೂತರೆ ಏಳಬೇಕು, ಎದ್ದರೆ ಕೂರಬೇಕು.

"ಹೇಳು, ಎಷ್ಟಾತು?"

"ಚಾ ಇಪ್ಪತ್ತೊಂದು, ಇಂಟರ್ನೆಟ್ಟು ಐವತ್ತೈದ ನಿಮಿಷ, ಫೋಟೋ, ಅಂಗಿ. ನಿಮ್ಮ ಕಾರ್ಡಿಗೆ ಹನ್ನೆರಡು ಸಾವಿರದಾ ಐವತ್ತು."

"ದಿನಕ್ಕ?"

"ದಿನಕ್ಕ. ಹದಿನಾಕ ದಿನಕ್ಕ ಒಂದ ಲಕ್ಷ ಅರವತ್ತೆಂಟ ಸಾವಿರದಾ ಏಳನೂರು."

ಗನಿಸಾಬರು ಸೋಫಾದ ಮೇಲೆ ಕುಸಿದರು. ಆಮೇಲೆ ಯಾವ ಗಂಡಸಾದರೂ ಮಾಡುವಂತೆ ಹೆಂಡತಿಯ ಮೇಲೆ ರೇಗಿದರು. "ಬರಕೋತ ಕುಂತಿ, ಒಂದರ ಬ್ಯಾಡ ಅಂದೇನು? ನನಗ ಗೊತ್ತಿಲ್ಲ. ನಲವತ್ತೆರಡ ಸಾವಿರದಾಗ ಕುಂದರಬೇಕು. ಎಲ್ಲಿ ಕಡಿಮಿ ಮಾಡ್ತಿ ಮಾಡು!"

"ಖರೇನ ಮಾಡ್ಲ್ಯಾ?"

"ಮಾಡಂದೆನಲ್ಲ! ನನ್ನ ತಲಿ ತಿನಬ್ಯಾಡ."

ಅವರು ಮುಖ ತೊಳೆದುಕೊಂಡು ಬರುವಷ್ಟರಲ್ಲಿ ಯಾಸ್ಮಿನ ಫೋನು ಕೆಳಗಿಟ್ಟು ನೋಟುಬುಕ್ಕು ಮುಚ್ಚಿದ್ದಳು. "ಕುಂತೈತ್ರಿ. ನಾಲ್ಕ ಸಾವಿರದಾ ಎರಡನೂರರಾಗ ಮುಗೀತೈತಿ."

"ಶಾಬಾಸ್!" ಗನಿಸಾಬರಿಗೆ ಹೋದ ಜೀವ ಬಂದಂತಾಯಿತು. ಹೇಗೆ ಎಂದು ಕೇಳುವ ಮೊದಲೇ ಕಂಪನಿಯಿಂದ ಫೋನು ಬಂತು.

"ಸರ್, ಮೇಡಮ್ಮರ ಫಾರ್ಮ ಬಂತ್ರಿ. ಯಾಸ್ಮಿನ ಮೇಡಮ್ಮರು, ಜೋಡಿ ಖಾತುನಬಿಯವರು. ಎರಡೂ ಹೆಸರು ಪಕ್ಕಾ ಮಾಡೀನ್ರಿ. ಇನ್ನ ಬದಲಿ ಮಾಡಾಕ ಬರಂಗಿಲ್ರಿ."

ಗನಿಸಾಬರು ಫೋನು ಹಿಡಿದುಕೊಂಡೇ ಹೆಂಡತಿಯತ್ತ ತಿರುಗಿದರು.

"ನೀವ ಹೇಳಿದ್ರಲ್ರಿ," ಎಂದಳು ಯಾಸ್ಮಿನ. "ಮುಂಜಾನಿಂದ ನಾ ಕುಡದದ್ದು ಒಂದ ಚಾ, ದಿನಕ್ಕ ಮುನ್ನೂರು. ಅತ್ತಿದು ಏನೂ ಇಲ್ಲ. ಖರ್ಚಂದ್ರ ನೀವ. ಅದಕ್ಕ ನಿಮ್ಮನ್ನ ಕಡಿಮಿ ಮಾಡೇನಿ."

"ನಾ… ನಾ ಸಮುದ್ರ ನೋಡ್ಬೇಕಂತ ಮಾಡಿದ್ನಲ್ಲಾ!"

"ಹೋದ ಸಲ ಕಂಪನಿಯವ್ರು ಊಟಿಗೆ ಕಳಿಸಿದಾಗ ನನ್ನ ಟಿಕೀಟಿನ ಮ್ಯಾಲ ಸಿದ್ದರಾಯಣ್ಣಾರನ್ನ ಕರಕೊಂಡ ಹೋದ್ರಿ. ನನಗೂ ಗುಡ್ಡ ನೋಡ್ಬೇಕಂತ ಇತ್ರಿ. ಆವಾಗ ನಾ ಅತ್ತೆನ?"

ಗನಿಸಾಬರ ಕಣ್ಣಲ್ಲಿ ನೀರು ಬಂತು. ಖಾತುನಬಿ ಆಗಲೇ ಬುರ್ಖಾಗಳಿಗೆ ಇಸ್ತ್ರಿ ಮಾಡಿಸುವ ಮಾತು ತೆಗೆದಿದ್ದಳು.

ಸುದ್ದಿ ಅದು ಹೇಗೆ ಮುಟ್ಟಿತೋ, ಕಾಂತು ಬಾಗಿಲಲ್ಲಿ ಪ್ರತ್ಯಕ್ಷನಾದ. ಹಿಂದೆ ಸಿದ್ದರಾಯ, ಅವನ ಹಿಂದೆ ಆ ನಾಲ್ವರು.

"ಮನಸಿಗೆ ಹಚ್ಕೋಬ್ಯಾಡ್ರಿ ಗನಿಸಾಬ್ರ. ಹದಿನಾಕ ದಿನ ನಿಮ್ಮನ್ನ ಒಬ್ರನ್ನ ಬಿಡಂಗಿಲ್ಲ. ದಿನಾ ಸಂಜಿ ಖಾನಾವಳಿಗೆ ಹೋಗೂಣು. ಇವತ್ತಿಂದು ನಂದು."

ಗನಿಸಾಬರು ಅಂಗಿತೋಳಿನಿಂದ ಕಣ್ಣೊರೆಸಿಕೊಂಡು ತಟ್ಟನೆ ಎದ್ದು ನಿಂತರು.

"ಏ, ಹುಚ್ಚರೇನು? ನಾ ಇರಾಗ ನೀವು ಕೊಡೂದ? ನಡೀರಿ, ಹದಿನಾಕೂ ದಿನಾ ನಂದು!"